ಫ್ರೆಂಚ್ ಬಿಯರ್‌ಗೆ ಜರ್ಮನಿ ಬಾಗಿಲು ಹಾಕಿದ್ದು ಯಾರ ಆರೋಗ್ಯಕ್ಕಾಗಿ?

ರೈನ್ ದಂಡೆ (ಕೇಲ್, ಜರ್ಮನಿ)

ವಿದೇಶಿ ಬಿಯರ್ ಮೇಲಿನ ಸುಂಕದ ಬಗ್ಗೆ ಇಲ್ಲಿ ಹಿಂದೊಮ್ಮೆ ನಡೆದ ಚರ್ಚೆಯನ್ನು ಓದಿದೆ. ಎಲ್ಲರೂ ಸುಂಕ ಒಂದನ್ನೇ ಹಿಡಿದು ಜಗ್ಗಾಡಿದ್ದೀರಿ. ಬಿಡಿಗಾಸಿನ ಸುಂಕ ಹಾಕದೆಯೂ ಪರದೇಶದ ಬಿಯರನ್ನು ಗಡಿಯಲ್ಲಿ ನಿಲ್ಲಿಸಬಹುದು. ಪಶ್ಚಿಮ ಜರ್ಮನಿ ಅದನ್ನು ದಶಕಗಳ ಕಾಲ ಮಾಡಿ ತೋರಿಸಿದೆ.

ನಾನಿರುವುದು ರೈನ್ ನದಿಯ ಈ ದಡದಲ್ಲಿ, ಆ ದಡದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. 2017ರಿಂದ ಎರಡೂ ಊರಿನ ನಡುವೆ ಟ್ರಾಮ್ ಓಡುತ್ತಿದೆ. ಸ್ಟ್ರಾಸ್‌ಬರ್ಗಿನ ಮಗ್ಗುಲಲ್ಲೇ ಇರುವ ಶಿಲ್ಟಿಗೈಮ್ ತಲೆಮಾರುಗಳಿಂದ ಬ್ರೂವರಿಗಳ ಊರು. 1871ರಿಂದ 1918ರವರೆಗೆ ಆ ಪ್ರದೇಶವೆಲ್ಲ ಜರ್ಮನ್ ಸಾಮ್ರಾಜ್ಯದ ಭಾಗವೇ ಆಗಿತ್ತು ಎಂಬುದನ್ನು ನೆನಪಿಡಿ. ಅಲ್ಲಿನ ‘ಬ್ರಾಸರಿ ದ್ಯು ಪೆಶೇರ್’ ಕಂಪನಿಗೆ ಜರ್ಮನಿಯ ಮಾರುಕಟ್ಟೆ ಕೂಗಳತೆಯ ದೂರ. 1968ರಲ್ಲೇ ಐರೋಪ್ಯ ಸಮುದಾಯದ (ಇಂದಿನ ಐರೋಪ್ಯ ಒಕ್ಕೂಟದ ಪೂರ್ವರೂಪ) ದೇಶಗಳ ನಡುವಿನ ಸುಂಕ ರದ್ದಾಗಿತ್ತು. ಆದರೂ 1981ರ ಕೊನೆಯ ಹೊತ್ತಿಗೆ ಆ ಕಂಪನಿ ಜರ್ಮನಿಗೆ ಬಿಯರ್ ಕಳಿಸುವುದನ್ನು ಕೈಬಿಡಬೇಕಾಯಿತು. ನಿಮ್ಮ ಸರಕು ನಮ್ಮ ಶುದ್ಧತೆಯ ನಿಯಮಕ್ಕೆ ಒಪ್ಪುವುದಿಲ್ಲ ಎಂದು ಜರ್ಮನ್ ಅಧಿಕಾರಿಗಳು ಹೇಳಿದ್ದರು.

ಆ ನಿಯಮ ಇದ್ದದ್ದು ಆಹಾರದ ಕಾಯ್ದೆಯಲ್ಲಲ್ಲ, 1952ರ ಬಿಯರ್ ತೆರಿಗೆ ಕಾಯ್ದೆಯಲ್ಲಿ. ಅದರ 9ನೇ ಕಲಮಿನ ಪ್ರಕಾರ, ತಳದಲ್ಲಿ ಹುದುಗುವ ಬಿಯರ್‌ಗೆ (ಇಂದು ಎಲ್ಲೆಡೆ ಸಿಗುವ ಲಾಗರ್ ಈ ಜಾತಿಯದು) ಬಾರ್ಲಿಯ ಮಾಲ್ಟ್ (ಮೊಳಕೆ ಬರಿಸಿದ ಧಾನ್ಯ), ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು), ಯೀಸ್ಟ್, ನೀರು, ಇಷ್ಟೇ. 10ನೇ ಕಲಮಿನ ಪ್ರಕಾರ, ಹೀಗೆ ಮಾಡಿದ್ದನ್ನು ಮಾತ್ರ ಬಿಯರ್ ಎಂಬ ಹೆಸರಿನಲ್ಲಿ ಮಾರಬಹುದು. ಇದು ಒಂದು ಬೇಲಿ. ಇದರ ಹಿಂದೆ 1974ರ ಆಹಾರ ಕಾಯ್ದೆಯ ಇನ್ನೊಂದು ಬೇಲಿ: ಅನುಮತಿ ಇಲ್ಲದ ಯಾವ ಸಂಯೋಜಕವೂ (ನೊರೆ, ಬಣ್ಣ, ಬಾಳಿಕೆಗೆಂದು ಬೆರೆಸುವ ಪದಾರ್ಥ) ಇರಕೂಡದು. ಬಿಯರ್‌ಗೆ ಅಂಥ ಅನುಮತಿಯನ್ನು ಕೊಡುತ್ತಲೇ ಇರಲಿಲ್ಲ. ಸಾವಿರಕ್ಕೂ ಹೆಚ್ಚು ಸ್ವದೇಶಿ ಬ್ರೂವರಿಗಳ ದೇಶ ಅದು. ಈ ಬೇಲಿ ಕುಡಿಯುವವನನ್ನು ಕಾಯಿತೋ ಮಾರುವವನನ್ನೋ? ನನ್ನ ಉತ್ತರ ಎರಡನೆಯದು. ಬಲ್ಲವರು ಮಾತನಾಡಿ.

ಬಾರ್ಲಿ (ಮೈಸೂರು)

ರೈನ್ ದಂಡೆಯವರೇ, ತೀರ್ಪನ್ನು ನೀವೇ ಬರೆದುಕೊಂಡು ಬಂದು ನಮ್ಮನ್ನು ಚರ್ಚೆಗೆ ಕರೆಯುತ್ತಿದ್ದೀರಿ. ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದವನಾಗಿ ನನ್ನದೊಂದು ತಕರಾರು.

1960ರ ದಶಕದಲ್ಲಿ ಬಿಯರಿನ ನೊರೆ ಬೇಗ ಇಳಿಯದಿರಲಿ ಎಂದು ಕೆಲವು ದೇಶಗಳ ಬ್ರೂವರಿಗಳು ಕೋಬಾಲ್ಟ್ ಲವಣ ಬೆರೆಸುತ್ತಿದ್ದವು. ಡಿಟರ್ಜೆಂಟಿನಲ್ಲಿ ತೊಳೆದ ಗ್ಲಾಸಿಗೆ ಸುರಿದರೆ ನೊರೆ ನಿಲ್ಲುವುದಿಲ್ಲ, ನೊರೆ ಇಲ್ಲದ ಗ್ಲಾಸನ್ನು ಗಿರಾಕಿ ಒಪ್ಪುವುದಿಲ್ಲ. ಬೆರೆಸಿದ್ದು ಚಿಟಿಕೆಗಿಂತ ಕಡಿಮೆಯೇ. ಆದರೆ 1965–66ರಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ವಿಪರೀತ ಬಿಯರ್ ಕುಡಿಯುವವರು ಹೃದಯದ ಸ್ನಾಯು ಸೋತು ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಅಮೆರಿಕದ ಒಮಾಹಾದಲ್ಲಿಯೂ ಬೆಲ್ಜಿಯಂನಲ್ಲಿಯೂ ಇಂಥವೇ ಪ್ರಕರಣಗಳು ಕಂಡವು. ಅಷ್ಟು ಕಡಿಮೆ ಪ್ರಮಾಣದಲ್ಲಿ ಆ ಲವಣ ವಿಷವಾದೀತೆಂದು ಆ ಹೊತ್ತಿಗೆ ಯಾರೂ ತಿಳಿದಿರಲಿಲ್ಲ. ನಾಲ್ಕೇ ಪದಾರ್ಥ ಎಂಬ ನಿಯಮವಿದ್ದ ದೇಶಕ್ಕೆ ಆ ಗಂಡಾಂತರದ ಪ್ರಶ್ನೆಯೇ ಇರಲಿಲ್ಲ. ಇದನ್ನು ಬರೀ ವ್ಯಾಪಾರದ ಕುತಂತ್ರ ಎಂದು ತಳ್ಳಿಹಾಕಬೇಡಿ.

ಕಾಯ್ದೆಪುಸ್ತಕ (ಬೆಂಗಳೂರು)

ಬಾರ್ಲಿ ಸರ್, ನಿಮ್ಮ ವಾದ ಗಟ್ಟಿಯಾದದ್ದೇ. ಜರ್ಮನ್ ಸರ್ಕಾರವೂ ಸರಿಸುಮಾರು ಇದನ್ನೇ ಹೇಳಿತು. ಐರೋಪ್ಯ ಆಯೋಗ (ಐರೋಪ್ಯ ಸಮುದಾಯದ ಆಡಳಿತ ಅಂಗ) 1984ರಲ್ಲಿ ಜರ್ಮನಿಯನ್ನು ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ನ್ಯಾಯಾಲಯಕ್ಕೆ ಎಳೆಯಿತು, ಮೊಕದ್ದಮೆ 178/84. ಅಲ್ಲಿ ಜರ್ಮನಿ ಮಂಡಿಸಿದ ವಾದ ಓದಿದರೆ ನಗು ಬರುತ್ತದೆ: ನಮ್ಮ ಜನ ಬಿಯರನ್ನು ಮೋಜಿಗಾಗಿ ಕುಡಿಯುವುದಲ್ಲ, ಜರ್ಮನ್ ಗಂಡಸಿನ ಪೋಷಣೆಯಲ್ಲಿ ಸುಮಾರು ಕಾಲು ಭಾಗ ಬಿಯರಿನಿಂದಲೇ ಬರುತ್ತದೆ, ಆದ್ದರಿಂದ ಅಪಾಯವನ್ನು ಆದಷ್ಟು ಕಡಿಮೆ ಮಾಡಬೇಕು ಎಂದು. ಒಂದು ಸರ್ಕಾರ ತನ್ನ ಪ್ರಜೆಗಳ ಕುಡಿತವನ್ನು ನ್ಯಾಯಾಲಯದಲ್ಲಿ ಆಧಾರವಾಗಿ ಒಡ್ಡಿದ ಅಪರೂಪದ ಸಂದರ್ಭ!

ತೀರ್ಪು ಬಂದದ್ದು 1987ರ ಮಾರ್ಚ್ 12ರಂದು. ನ್ಯಾಯಾಲಯ ಆರೋಗ್ಯದ ಕಾಳಜಿಯನ್ನು ಅಲ್ಲಗಳೆಯಲಿಲ್ಲ. ಯಾವ ಸಂಯೋಜಕದಿಂದ ಏನು ಅಪಾಯ ಎಂದು ಬಿಡಿಬಿಡಿಯಾಗಿ ತೋರಿಸಿ, ಬೇಕಾದರೆ ನಿಷೇಧಿಸಿ ಎಂದಿತು. ಕೋಬಾಲ್ಟನ್ನು ಹೆಸರು ಹೇಳಿ ನಿಷೇಧಿಸುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಜರ್ಮನಿ ಮಾಡಿದ್ದೇ ಬೇರೆ. ಬಿಯರಿನಲ್ಲಿ ಸಂಯೋಜಕಗಳೆಲ್ಲಕ್ಕೂ ಒಟ್ಟಾಗಿ ನಿಷೇಧ, ಆದರೆ ಅವುಗಳಲ್ಲಿ ಕೆಲವನ್ನು ತಂಪು ಪಾನೀಯಗಳಲ್ಲಿ ತಾನೇ ಒಪ್ಪಿಕೊಂಡಿತ್ತು. ನಮ್ಮ ವಿಧಾನದಲ್ಲಿ ಮಾಡಿದರೆ ಸಂಯೋಜಕದ ಅಗತ್ಯವೇ ಬೀಳುವುದಿಲ್ಲ ಎಂದೂ ವಾದಿಸಿತು. ಅಲ್ಲಿಗೆ ಸಿಕ್ಕಿಬಿದ್ದಿತು. ನಿನ್ನ ವಿಧಾನವನ್ನೇ ಅಳತೆಗೋಲು ಮಾಡಿಕೊಂಡರೆ ಅದು ಮರೆಮಾಚಿದ ವ್ಯಾಪಾರ ನಿರ್ಬಂಧವೇ ಎಂದಿತು ನ್ಯಾಯಪೀಠ.

ಹೆಸರಿನ ವಿಚಾರದಲ್ಲಂತೂ ಇನ್ನೂ ಖಡಕ್ಕು. ಜರ್ಮನ್ ಗ್ರಾಹಕನ ಮನಸ್ಸಿನಲ್ಲಿ ಬಿಯರ್ ಎಂದರೆ ಇಂಥದ್ದೇ ಎಂದು ಕೂತಿದೆ ಎಂಬ ವಾದಕ್ಕೆ ಉತ್ತರ: ಗ್ರಾಹಕರ ಕಲ್ಪನೆ ದೇಶ ದೇಶಕ್ಕೆ ಬೇರೆ, ಕಾಲಕಾಲಕ್ಕೆ ಬೇರೆ. ಕಾನೂನು ಆ ರೂಢಿಯನ್ನು ಹೆಪ್ಪುಗಟ್ಟಿಸಿ ಸ್ವದೇಶಿ ಉದ್ಯಮಕ್ಕೆ ಸಿಕ್ಕ ಅನುಕೂಲವನ್ನು ಕಾಯ್ದುಕೊಡಬಾರದು. ಪದಾರ್ಥಗಳನ್ನು ಲೇಬಲ್ ಮೇಲೆ ಬರೆಯಿಸಿ, ಸಾಕು. ಪೀಪಾಯಿಯಿಂದ ನೇರವಾಗಿ ಗ್ಲಾಸಿಗೆ ಬರುವ ಬಿಯರ್‌ಗೆ ಲೇಬಲ್ ಎಲ್ಲಿ ಅಂಟಿಸುವುದು ಎಂದು ಜರ್ಮನಿ ಕೇಳಿದ್ದಕ್ಕೆ, ಪೀಪಾಯಿಯ ಮೇಲೆ ಅಥವಾ ನಲ್ಲಿಯ ಮೇಲೆ ಎಂದರು ನ್ಯಾಯಮೂರ್ತಿಗಳು.

ಅಂದಹಾಗೆ ಅದೇ ದಿನ ಗ್ರೀಸ್ ಕೂಡ ಇಂಥದ್ದೇ ಮೊಕದ್ದಮೆಯಲ್ಲಿ (176/84) ಸೋತಿತು.

ಶಾಲ್ಮಲಾ ತೀರ (ಧಾರವಾಡ)

ಈ ಕಾಯ್ದೆಯ ನಿಯಮಾವಳಿಯಲ್ಲಿ ಇನ್ನೊಂದು ಮುತ್ತು ಇದೆ, ಯಾರೂ ಹೇಳಲಿಲ್ಲ. ಮಾಲ್ಟ್ ಎಂದರೆ ಮೊಳಕೆ ಬರಿಸಿದ ಧಾನ್ಯ, ಸರಿ. ಆದರೆ ಅಕ್ಕಿ, ಮೆಕ್ಕೆಜೋಳ ಮತ್ತು ಜೋಳ ಈ ಮಟ್ಟಿಗೆ ಧಾನ್ಯಗಳೇ ಅಲ್ಲವಂತೆ! ಮೂರು ಹೊತ್ತೂ ಜೋಳದ ರೊಟ್ಟಿ ತಿನ್ನುವ ಸೀಮೆಯವರು ನಾವು ಇಷ್ಟು ಕಾಲ ಏನನ್ನು ತಿನ್ನುತ್ತಿದ್ದೆವೋ ಆ ಜರ್ಮನ್ ಗುಮಾಸ್ತನನ್ನೇ ಕೇಳಬೇಕು.

ನಗೆಚಾಟಿಕೆ ಬಿಟ್ಟು ಹೇಳುವುದಾದರೆ, ಅಮೆರಿಕದ ಬಡ್‌ವೈಸರ್‌ಗೆ ಅಕ್ಕಿ ಹಾಕುತ್ತಾರೆ, ನಮ್ಮ ದೇಶದ ಬಹಳಷ್ಟು ಲಾಗರ್‌ಗಳಲ್ಲಿಯೂ ಬಾರ್ಲಿಯ ಜೊತೆಗೆ ಅಕ್ಕಿಯೋ ಮೆಕ್ಕೆಜೋಳವೋ ಸಕ್ಕರೆಯೋ ಇರುತ್ತದೆ. ಅವೆಲ್ಲ ಆ ದಿನಗಳ ಜರ್ಮನಿಯಲ್ಲಿ ಬಿಯರ್ ಅಲ್ಲ.

ಆದರೂ ನನ್ನ ಮನಸ್ಸು ಸ್ವಲ್ಪ ಬಾರ್ಲಿಯವರ ಕಡೆಗೇ ವಾಲುತ್ತದೆ. ನಮ್ಮ ಧಾರವಾಡ ಪೇಡೆಗೆ ಜಿಐ (ಭೌಗೋಳಿಕ ಹೆಸರಿನ ರಕ್ಷಣೆ) ಮಾನ್ಯತೆ ಇದೆ. ಹಾಲಿನ ಪುಡಿ ಕಲಸಿ ಉಂಡೆ ಕಟ್ಟಿದವನು ಅದನ್ನು ಧಾರವಾಡ ಪೇಡೆ ಎಂದು ಮಾರಿದರೆ ನಮಗೆ ಉರಿಯುವುದಿಲ್ಲವೇ? ಜರ್ಮನ್ನರು ಕೇಳಿದ್ದು ಅಷ್ಟನ್ನೇ ಅಲ್ಲವೇ?

ಕಾಯ್ದೆಪುಸ್ತಕ

ಅಲ್ಲ ಮೇಡಂ, ಅಷ್ಟನ್ನೇ ಅಲ್ಲ. ಜಿಐ ಇರುವುದು ‘ಧಾರವಾಡ ಪೇಡೆ’ ಎಂಬ ಹೆಸರಿಗೆ. ಮಥುರೆಯವನು ತನ್ನದನ್ನು ಮಥುರಾ ಪೇಡೆ ಎಂದು ಧಾರವಾಡದ ಸುಭಾಷ್ ರಸ್ತೆಯಲ್ಲೇ ಮಾರಲಿ, ನೀವು ತಡೆಯಲಾರಿರಿ. ಜರ್ಮನಿ ಹೇಳಿದ್ದು, ನಮ್ಮ ಪಾಕದಲ್ಲಿ ಮಾಡದ ಯಾವುದನ್ನೂ ನಮ್ಮ ನೆಲದಲ್ಲಿ ಪೇಡೆ ಎಂದೇ ಕರೆಯಬೇಡಿ ಎಂದು. ವ್ಯತ್ಯಾಸ ಇರುವುದು ಅಲ್ಲಿ. ನೀವು ಹೇಳುವ ರೀತಿಯ ರಕ್ಷಣೆಯನ್ನು ಬವೇರಿಯಾದವರು ಆಮೇಲೆ ಸರಿಯಾದ ದಾರಿಯಲ್ಲೇ ಪಡೆದರು: 2001ರಲ್ಲಿ ‘ಬವೇರಿಯನ್ ಬಿಯರ್’ ಎಂಬುದು ಐರೋಪ್ಯ ಒಕ್ಕೂಟದಲ್ಲಿ ಭೌಗೋಳಿಕ ಹೆಸರಾಗಿ ನೋಂದಣಿಯಾಯಿತು. ನೆದರ್‌ಲೆಂಡ್ಸ್‌ನಲ್ಲಿ ‘ಬವೇರಿಯಾ’ ಎಂಬ ಹೆಸರಿನದೇ ಒಂದು ಹಳೆಯ ಬ್ರೂವರಿ ಇದ್ದದ್ದರಿಂದ ಅದೂ ಲಕ್ಸೆಂಬರ್ಗ್ ಮೆಟ್ಟಿಲು ಹತ್ತಿತು. 2009ರಲ್ಲಿ ನೋಂದಣಿ ಉಳಿಯಿತು, ಡಚ್ಚರ ಹಳೆಯ ಟ್ರೇಡ್‌ಮಾರ್ಕೂ ಷರತ್ತಿನ ಮೇಲೆ ಜೊತೆಗೇ ಬಾಳಬಹುದು ಎಂದಾಯಿತು.

ಹಳೆಯ ಕಡತ (ಶಿವಮೊಗ್ಗ)

ಎಲ್ಲರೂ 1952ರಿಂದ ಶುರು ಮಾಡಿದ್ದೀರಿ. ಜರ್ಮನ್ನರು ಎದೆ ಉಬ್ಬಿಸಿ ಹೇಳುವುದು 1516ರ ಕಥೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಆ ವರ್ಷ ಏಪ್ರಿಲ್ 23ರಂದು ಬವೇರಿಯಾದ ದೊರೆಗಳಾದ ನಾಲ್ಕನೆಯ ವಿಲ್ಹೆಲ್ಮ್ ಮತ್ತು ಹತ್ತನೆಯ ಲೂಡ್ವಿಗ್ ಇಂಗೋಲ್‌ಸ್ಟಾಟ್‌ನಲ್ಲಿ ಒಂದು ಆಜ್ಞೆ ಹೊರಡಿಸಿದರು. ಅದರ ಬಹುಪಾಲು ಬೆಲೆಯ ಬಗ್ಗೆ. ಸೆಪ್ಟೆಂಬರ್ ಕೊನೆಯ ಮಿಕೇಲ್ ಸಂತನ ಹಬ್ಬದಿಂದ ಏಪ್ರಿಲ್‌ನ ಜಾರ್ಜ್ ಸಂತನ ಹಬ್ಬದವರೆಗೆ ಒಂದು ‘ಮಾಸ್’ ಬಿಯರ್‌ಗೆ ಒಂದು ಪ್ಫೆನಿಗ್ (ಆಗಿನ ಚಿಲ್ಲರೆ ನಾಣ್ಯ) ಮೀರಕೂಡದು, ಬೇಸಿಗೆಯಲ್ಲಿ ಎರಡು ಪ್ಫೆನಿಗ್. (ಮಾಸ್ ಎಂದರೆ ಇಂದಿನ ಲೆಕ್ಕದಲ್ಲಿ ಲೀಟರಿನ ಆಸುಪಾಸು.) ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಬೇಡ ಎಂಬುದು ನಡುವೆ ಬರುವ ಒಂದು ವಾಕ್ಯ. ತಪ್ಪಿದರೆ ಪೀಪಾಯಿ ಜಪ್ತಿ. ಯೀಸ್ಟ್ ಹೆಸರೇ ಇಲ್ಲ. ಗೋಧಿ ಮತ್ತು ರೈ ಬ್ರೆಡ್ಡಿಗೆ ಉಳಿಯಲಿ ಎಂಬುದು ಉದ್ದೇಶವಾಗಿತ್ತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ಶತಮಾನದಲ್ಲಿ, 1548ರಲ್ಲಿ, ಗೋಧಿ ಬಿಯರ್ ಮಾಡುವ ವಿಶೇಷ ಹಕ್ಕು ಡೇಗೆನ್‌ಬರ್ಗ್ ಎಂಬ ಶ್ರೀಮಂತ ಮನೆತನಕ್ಕೆ ಸಿಕ್ಕಿತು, 1602ರಲ್ಲಿ ಆ ಹಕ್ಕು ಬವೇರಿಯಾದ ಅರಸನ ಕೈಗೇ ಮರಳಿತು. ಬಡವನಿಗೆ ಕಟ್ಟಳೆ, ಅರಮನೆಗೆ ಬೊಕ್ಕಸ. ನಮ್ಮಲ್ಲಿ ಮಾತ್ರ ಹೀಗೆ ಎಂದುಕೊಂಡಿರಬೇಡಿ.

ಇನ್ನು ಇಡೀ ಜರ್ಮನಿಯ ಮಾತು. 1871ರಲ್ಲಿ ಸಾಮ್ರಾಜ್ಯ ಒಂದಾದ ಮೇಲೂ ಬಿಯರ್ ತೆರಿಗೆ ಒಂದಾಗಲಿಲ್ಲ. ಉತ್ತರದವರು ಸಕ್ಕರೆ, ಅಕ್ಕಿ ಹಾಕಿ ಅದಕ್ಕೆ ತೆರಿಗೆ ಕಟ್ಟಿ ನೆಮ್ಮದಿಯಾಗಿದ್ದರು. ಬವೇರಿಯಾ ತನ್ನದೇ ತೆರಿಗೆ, ತನ್ನದೇ ನಿಯಮ ಇಟ್ಟುಕೊಂಡಿತ್ತು. ಬವೇರಿಯಾದಂತಹ ನಿಯಮ ಸಾಮ್ರಾಜ್ಯದ ಉಳಿದ ಭಾಗಕ್ಕೂ ಬಂದದ್ದು 1906ರಲ್ಲಿ. ‘ರೈನ್‌ಹೈಟ್ಸ್‌ಗೆಬೋಟ್’, ಅಂದರೆ ಶುದ್ಧತೆಯ ಆಜ್ಞೆ, ಎಂಬ ಪ್ರಸಿದ್ಧ ಹೆಸರು ಕೇಳಿಬಂದದ್ದು 1918ರಲ್ಲಿ, ಬವೇರಿಯಾದ ಶಾಸನಸಭೆಯ ಮಾತಿನಲ್ಲಿ. ಐದುನೂರು ವರ್ಷದ ಅಖಂಡ ಪರಂಪರೆ ಎನ್ನುವುದು ಜಾಹೀರಾತಿನವರ ಮಾತು.

ಪರಂಪರೆಯ ಮಾತಿಗೆ ಇನ್ನೊಂದು ಸೇರಿಸಿಬಿಡುತ್ತೇನೆ. ಜರ್ಮನ್ನರ ಅಚ್ಚುಮೆಚ್ಚಿನ ಪಿಲ್ಸ್ ಎಂಬ ಲಾಗರ್ ಹುಟ್ಟಿದ್ದು ಗಡಿಯಾಚೆಯ ಬೊಹೀಮಿಯಾದ (ಇಂದಿನ ಚೆಕ್ ಗಣರಾಜ್ಯ) ಪಿಲ್ಸೆನ್ ಊರಿನಲ್ಲಿ, 1842ರಲ್ಲಿ. ಅದನ್ನು ಮೊದಲು ಕಾಸಿದವನು ಯೋಸೆಫ್ ಗ್ರೋಲ್, ಬವೇರಿಯಾದಿಂದ ಕರೆಸಿಕೊಂಡ ಕಸಬುದಾರ. ಆ ಬಿಯರಿನ ಹೊಂಬಣ್ಣ ಕಂಡು ಜರ್ಮನಿಯ ಬ್ರೂವರಿಗಳೆಲ್ಲ ಅದನ್ನೇ ಹಿಡಿದವು. ಮನುಷ್ಯ ಒಂದು ದಿಕ್ಕಿಗೆ ಗಡಿ ದಾಟಿದ, ಬಿಯರ್ ಇನ್ನೊಂದು ದಿಕ್ಕಿಗೆ.

ಬಾರ್ಲಿ

ಹಳೆಯ ಕಡತದವರೇ, ಇತಿಹಾಸ ಒಪ್ಪಿದೆ. ಆದರೆ ನಿಯಮ ಯಾಕೆ ಹುಟ್ಟಿತು ಎಂಬುದರಿಂದ ಅದು ಇಂದು ಯಾರಿಗೆ ಉಪಯೋಗ ಎಂದು ತೀರ್ಮಾನವಾಗುವುದಿಲ್ಲ. ಬೆಲೆ ಕಟ್ಟಲು ಬಂದ ನಿಯಮದಿಂದ ಗುಣಮಟ್ಟ ಉಳಿದಿರಬಹುದು. ಲೇಬಲ್ ಓದುವ ಗಿರಾಕಿಯನ್ನು ನಂಬಿ ಕೂತ ನ್ಯಾಯಮೂರ್ತಿಗಳು ಪಬ್ಬಿನ ಮಬ್ಬು ದೀಪದಲ್ಲಿ ನಲ್ಲಿಯ ಮೇಲಿನ ಅಕ್ಷರ ಓದಲು ಪ್ರಯತ್ನಿಸಿದ್ದಾರೆಯೇ?

ಕಾಯ್ದೆಪುಸ್ತಕದವರು ಇದನ್ನೂ ಹೇಳಲಿ: ಬ್ರಾಸರಿ ದ್ಯು ಪೆಶೇರ್‌ನವರಿಗೆ ಕೊನೆಗೆ ಏನು ಸಿಕ್ಕಿತು?

ಕಾಯ್ದೆಪುಸ್ತಕ

ಹೆಸರು ಸಿಕ್ಕಿತು, ಹಣ ಸಿಗಲಿಲ್ಲ.

ತೀರ್ಪಿನ ಬಲದ ಮೇಲೆ ಅವರು 1981ರಿಂದ 1987ರವರೆಗಿನ ನಷ್ಟದ ಒಂದು ಭಾಗವೆಂದು 18 ಲಕ್ಷ ಮಾರ್ಕ್ ಪರಿಹಾರ ಕೇಳಿ ಜರ್ಮನ್ ನ್ಯಾಯಾಲಯಕ್ಕೆ ಹೋದರು. ಜರ್ಮನ್ ಕಾನೂನಿನ ಪ್ರಕಾರ ಶಾಸನಸಭೆ ಮಾಡಿದ ತಪ್ಪಿಗೆ ಪರಿಹಾರವಿಲ್ಲ. ಆದ್ದರಿಂದ ಪ್ರಶ್ನೆ ಮತ್ತೆ ಲಕ್ಸೆಂಬರ್ಗಿಗೆ ಹೋಯಿತು. ಬ್ರಿಟನ್ ವಿರುದ್ಧ ಸ್ಪೇನಿನ ಮೀನುಗಾರಿಕಾ ದೋಣಿಗಳವರು ಹೂಡಿದ್ದ ಮೊಕದ್ದಮೆಯನ್ನೂ ಇದನ್ನೂ ಒಟ್ಟಿಗೆ ಕಟ್ಟಿ 1996ರ ಮಾರ್ಚ್ 5ರಂದು ತೀರ್ಪು ಕೊಟ್ಟರು. ಸಂಸತ್ತೇ ಮಾಡಿದ ಕಾನೂನಾದರೂ ಸರಿ, ಅದು ಐರೋಪ್ಯ ಕಾನೂನನ್ನು ಗಂಭೀರವಾಗಿ ಉಲ್ಲಂಘಿಸಿದ್ದರೆ ಮತ್ತು ನಷ್ಟಕ್ಕೆ ನೇರ ಕಾರಣವಾಗಿದ್ದರೆ ಸರ್ಕಾರ ಪರಿಹಾರ ತೆರಬೇಕು. ಇಂದು ಯುರೋಪಿನ ಯಾವ ಕಾನೂನು ವಿದ್ಯಾರ್ಥಿಯೂ ಈ ಬ್ರೂವರಿಯ ಹೆಸರು ಕಲಿಯದೆ ಪಾಸಾಗುವುದಿಲ್ಲ.

ಆದರೆ ಕಡತ ಜರ್ಮನಿಗೆ ಮರಳಿದಾಗ ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಕೂದಲು ಸೀಳಿತು. ಹೆಸರಿನ ನಿಷೇಧ ಗಂಭೀರ ತಪ್ಪು, ಒಪ್ಪಿದೆವು. ಸಂಯೋಜಕದ ನಿಷೇಧ ಅಷ್ಟು ಗಂಭೀರವಲ್ಲ, ಏಕೆಂದರೆ 1987ರವರೆಗೆ ಆ ವಿಷಯದಲ್ಲಿ ಕಾನೂನು ಸ್ಪಷ್ಟವಿರಲಿಲ್ಲ. ಈ ಕಂಪನಿಯ ಬಿಯರ್ ನಿಂತದ್ದು ಯಾವುದರಿಂದ? ಸಂಯೋಜಕದ ನಿಷೇಧದಿಂದ. ಆದ್ದರಿಂದ ಪರಿಹಾರ ಇಲ್ಲ. 1996ರ ಅಕ್ಟೋಬರ್ 24ರಂದು ಅರ್ಜಿ ವಜಾ. ಅದೇ ವರ್ಷ ಕಂಪನಿ ಡಚ್ ಬಿಯರ್ ಸಂಸ್ಥೆ ಹೈನೆಕೆನ್ ಪಾಲಾಯಿತು. ವಕೀಲರಿಗೆ ಇದಕ್ಕಿಂತ ಚೆಂದದ ಕಥೆ ಇಲ್ಲ, ಕಕ್ಷಿದಾರನಿಗೆ ಇದಕ್ಕಿಂತ ಕೆಟ್ಟದ್ದೂ ಇಲ್ಲ.

ಕುಡಿಯದವಳು (ಉಡುಪಿ)

ನಾನು ಬಿಯರ್ ಮುಟ್ಟಿದವಳಲ್ಲ, ಕಥೆ ಚೆನ್ನಾಗಿದೆ ಎಂದು ಓದುತ್ತಿದ್ದೇನೆ. ಬಾಗಿಲು ತೆರೆದ ಮೇಲೆ ವಿದೇಶಿ ಬಿಯರ್ ನುಗ್ಗಿ ಬಂತೇ? ಜರ್ಮನಿಯ ಬ್ರೂವರಿಗಳು ಮುಳುಗಿದವೇ? ಅದನ್ನು ಯಾರೂ ಹೇಳುತ್ತಿಲ್ಲವಲ್ಲ.

ರೈನ್ ದಂಡೆ

ಒಳ್ಳೆಯ ಪ್ರಶ್ನೆ ತಂಗಿ. ನುಗ್ಗಲಿಲ್ಲ. ಆಮದಿನ ಪಾಲು ಚಿಕ್ಕದಾಗಿಯೇ ಉಳಿಯಿತು. ಜರ್ಮನ್ ಬ್ರೂವರಿಗಳು ‘ಶುದ್ಧತೆಯ ಆಜ್ಞೆಯಂತೆ ತಯಾರಿಸಿದ್ದು’ ಎಂದು ಬಾಟಲಿಯ ಮೇಲೆ ಇನ್ನೂ ದಪ್ಪಗೆ ಅಚ್ಚು ಹಾಕಿಸಿದವು, ಜನ ಅದನ್ನೇ ಕೊಂಡರು. ಕಾನೂನಿನ ಬೇಲಿ ಇಲ್ಲದೆಯೇ ಗಿರಾಕಿ ನಿಂತ. ಹಾಗಾದರೆ ಅಷ್ಟು ದಶಕ ಬೇಲಿ ಏಕೆ ಬೇಕಿತ್ತು ಎಂಬುದೇ ನನ್ನ ತಕರಾರು.

ನಮ್ಮ ಬಡಾವಣೆಯ ಅಂಗಡಿಯ ಕಪಾಟಿನಲ್ಲಿ ಈಗ ಎರಡೂ ಬಗೆ ಅಕ್ಕಪಕ್ಕ ಇವೆ. ಜರ್ಮನ್ ಬಾಟಲಿಯ ಹಿಂದೆ ಒಂದೇ ಸಾಲು: ನೀರು, ಬಾರ್ಲಿ ಮಾಲ್ಟ್, ಹಾಪ್ಸ್. ಅದರ ಪಕ್ಕದ ಬೆಲ್ಜಿಯಂನ ಬಿಳಿ ಬಿಯರಿನ ಹಿಂದೆ ಗೋಧಿ, ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ. ನಮ್ಮ ಸಾರಿನ ಪುಡಿಯ ಡಬ್ಬಿಯಿಂದ ಎತ್ತಿದ್ದೇ ಇರಬೇಕು ಎನ್ನಿಸುತ್ತದೆ. ಬೆಲ್ಜಿಯಂನವನು ಇದನ್ನು ಇಲ್ಲಿ ಧಾರಾಳವಾಗಿ ಮಾರಬಹುದು. ಪಕ್ಕದ ಊರಿನ ಜರ್ಮನ್ ಬ್ರೂವರಿಯವನು ತನ್ನ ಬಿಯರ್‌ಗೆ ಕೊತ್ತಂಬರಿ ಹಾಕಬೇಕೆಂದರೆ ಅರ್ಜಿ ಹಿಡಿದು ಅಲೆಯಬೇಕು, ಏಕೆಂದರೆ 1987ರ ತೀರ್ಪು ಬಂದದ್ದು ಆಮದಿಗೆ ಮಾತ್ರ. ಸ್ವದೇಶಿಗಳಿಗೆ ಹಳೆಯ ನಿಯಮ ಹಾಗೆಯೇ ಉಳಿಯಿತು, 1993ರಲ್ಲಿ ‘ತಾತ್ಕಾಲಿಕ ಬಿಯರ್ ಕಾಯ್ದೆ’ ಎಂಬ ಹೆಸರು ಹೊತ್ತಿತು. ಆ ತಾತ್ಕಾಲಿಕಕ್ಕೆ ಈಗ ಮೂವತ್ತು ದಾಟಿದೆ. ಬ್ರಾಂಡೆನ್‌ಬುರ್ಗ್ ರಾಜ್ಯದ ನೊಯ್‌ಟ್ಸೆಲ್ಲೆ ಎಂಬ ಊರಿನ ಬ್ರೂವರಿ ತನ್ನ ಕಪ್ಪು ಬಿಯರ್‌ಗೆ ಸಕ್ಕರೆ ಪಾಕ ಸೇರಿಸಿದ್ದಕ್ಕೆ ವರ್ಷಗಟ್ಟಲೆ ಬಡಿದಾಡಿ, 2005ರಲ್ಲಿ ಕೇಂದ್ರ ಆಡಳಿತ ನ್ಯಾಯಾಲಯದಲ್ಲಿ ಗೆದ್ದ ಮೇಲಷ್ಟೇ ಅದನ್ನು ಬಿಯರ್ ಎಂದು ಕರೆಯಲು ಸಾಧ್ಯವಾಯಿತು.

ಬಾರ್ಲಿ

ಅಂದರೆ ಬೇಲಿ ಕೊನೆಗೆ ಕಟ್ಟಿದವನ ಕಾಲಿಗೇ ಸುತ್ತಿಕೊಂಡಿತು ಎನ್ನಿ. ಆದರೂ ಕೋಬಾಲ್ಟ್ ವಿಷಯದಲ್ಲಿ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಉತ್ತರದ ಗಾಳಿ (ಫ್ಲೆನ್ಸ್‌ಬುರ್ಗ್)

ನೀವೆಲ್ಲ ರೈನ್ ಸುತ್ತಲೇ ಸುತ್ತುತ್ತಿದ್ದೀರಿ, ನಾನು ಡೆನ್ಮಾರ್ಕ್ ಗಡಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ತಮಾಷೆಯೇ ಬೇರೆ.

2003ರ ಜನವರಿ 1ರಿಂದ ಜರ್ಮನಿಯಲ್ಲಿ ಬಿಯರಿನ ಕ್ಯಾನ್‌ಗೆ, ಮರುಬಳಕೆ ಇಲ್ಲದ ಬಾಟಲಿಗೆ 25 ಸೆಂಟ್ ಠೇವಣಿ ಬಂತು. ಖಾಲಿ ಕ್ಯಾನ್ ವಾಪಸ್ ಕೊಟ್ಟರೆ ಠೇವಣಿ ವಾಪಸ್. ದೇಶಕ್ಕೆಲ್ಲ ಒಂದೇ ವ್ಯವಸ್ಥೆ ಬರಲು 2006 ಆಯಿತು. ಅಲ್ಲಿಯವರೆಗೆ ಎಷ್ಟೋ ಅಂಗಡಿಗಳು ಕ್ಯಾನ್ ಇಡುವುದನ್ನೇ ಬಿಟ್ಟವು. ಖಾಲಿ ಬಾಟಲಿಯನ್ನು ಊರಲ್ಲೇ ತೊಳೆದು ಮತ್ತೆ ತುಂಬಿಸುವ ಸ್ಥಳೀಯ ಬ್ರೂವರಿಗೆ ಅದರಿಂದ ಬಾಧಕವಿಲ್ಲ. ದೂರದಿಂದ ಕ್ಯಾನಿನಲ್ಲಿ ಬರುವ ವಿದೇಶಿ ಬಿಯರ್‌ಗೆ ಪೆಟ್ಟು. ಉದ್ದೇಶ ಪರಿಸರವೇ ಇರಬಹುದು, ಆದರೂ ಗಡಿಯಲ್ಲಿ ಆದ ಪರಿಣಾಮ ಅದು.

ಈಗ ಇದರ ಉಲ್ಟಾ ಕೇಳಿ. ಡೆನ್ಮಾರ್ಕಿನಲ್ಲಿ ಬಿಯರ್ ಮೇಲಿನ ತೆರಿಗೆ ಜರ್ಮನಿಗಿಂತ ಬಹಳ ಹೆಚ್ಚು. ಆದ್ದರಿಂದ ಡೆನ್ಮಾರ್ಕಿನ ಟುಬೋರ್ಗ್, ಕಾರ್ಲ್ಸ್‌ಬರ್ಗ್ ಕ್ಯಾನ್‌ಗಳು ಲಾರಿಯಲ್ಲಿ ಗಡಿ ದಾಟಿ ಈ ಕಡೆಯ ಅಂಗಡಿಗಳಿಗೆ ಬರುತ್ತವೆ. ಡೇನ್ ಜನ ಕಾರಿನಲ್ಲಿ ಬಂದು 24 ಕ್ಯಾನಿನ ಟ್ರೇಗಳನ್ನು ಡಿಕ್ಕಿಯ ಸ್ಪ್ರಿಂಗ್ ಕೂರುವಷ್ಟು ತುಂಬಿಕೊಂಡು ಹಿಂದಿರುಗುತ್ತಾರೆ. ಅದೇ ಬಿಯರ್ ಅದೇ ಗಡಿಯನ್ನು ಎರಡು ಸಲ ದಾಟಿ ಹುಟ್ಟೂರು ಸೇರುತ್ತದೆ! ಠೇವಣಿ? ಒಂದು ಟ್ರೇಗೆ 6 ಯೂರೋ ಆಗಬೇಕು. ಆದರೆ ‘ಇದನ್ನು ಜರ್ಮನಿಯ ಹೊರಗೇ ಕುಡಿಯುತ್ತೇನೆ’ ಎಂಬ ರಫ್ತು ಘೋಷಣೆಗೆ ಸಹಿ ಹಾಕಿದರೆ ಠೇವಣಿ ಇಲ್ಲ. ಡೆನ್ಮಾರ್ಕಿನ ವ್ಯಾಪಾರಿಗಳು ಇದು ಮುಚ್ಚುಮರೆಯ ಸರ್ಕಾರಿ ಸಹಾಯಧನವೇ ಸರಿ ಎಂದು ದೂರಿ ಮತ್ತೆ ಅದೇ ಲಕ್ಸೆಂಬರ್ಗಿಗೆ ಹೋದರು. ಆ ನ್ಯಾಯಾಲಯಕ್ಕೆ ಬಿಯರಿನಿಂದ ಬಿಡುಗಡೆಯೇ ಇಲ್ಲ.

ಕುಡಿಯದವಳು

ಡಿಕ್ಕಿ ತುಂಬ ಒಯ್ದರೂ ಯಾರೂ ಕೇಳುವುದಿಲ್ಲವೇ? ನಮ್ಮಲ್ಲಿ ಗೋವಾದಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲೇ ಅಬಕಾರಿಯವರು ಚೀಲ ತಡಕುತ್ತಾರೆ. ಅದೂ ಒಂದೇ ದೇಶದೊಳಗೆ.

ಉತ್ತರದ ಗಾಳಿ

ಸ್ವಂತಕ್ಕೆ ಎಂದಾದರೆ ಕೇಳುವುದಿಲ್ಲ ಅಕ್ಕ. ಸ್ವಂತ ಬಳಕೆಯೋ ವ್ಯಾಪಾರವೋ ಎಂದು ಅಳೆಯಲು ಐರೋಪ್ಯ ಒಕ್ಕೂಟದಲ್ಲಿ ಬಿಯರ್‌ಗೆ 110 ಲೀಟರಿನ ಸೂಚಕ ಮಿತಿ ಇದೆ. ಅದನ್ನು ಮೀರಿದರೆ ‘ಮದುವೆ ಇದೆ’ ಎನ್ನುತ್ತಾರೆ. ಅಂಥ ಸಂದರ್ಭದಲ್ಲಿ ಲಗ್ನಪತ್ರಿಕೆಯನ್ನು ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ನಿರ್ವಾಹಕರು

ಗೋವಾ–ಕಾರವಾರದ ಮಾತು ಶುರುವಾದರೆ ಇದು ಮುಗಿಯುವುದಿಲ್ಲ, ಅದಕ್ಕೆ ಬೇರೆ ಎಳೆ ತೆರೆಯಿರಿ. ಹಳೆಯ ಕಡತದವರು ಪಿಲ್ಸೆನ್ ಬಗ್ಗೆ ಪ್ರತ್ಯೇಕವಾಗಿ ಬರೆಯುವುದಾದರೆ ಸ್ವಾಗತ.